ಜನ ತಾವಾಗಿಯೇ ಹೊಗಳುವುದು ಯಾವಾಗ? – ಮಾರ್ಕೆಟಿಂಗ್ ಟಿಪ್ಪಣಿ

ಗ್ರಾಹಕರು ತಾವಾಗಿಯೇ ಹೊಗಳುವುದು ಯಾವಾಗ ಅಂತ ಪರೀಕ್ಷೆಯಲ್ಲಿ ಕೇಳಿದಾಗ ‘ಒಳ್ಳೆಯ ಸೇವೆ ಕೊಟ್ಟರೆ ಬಾಯಿಂದ ಬಾಯಿಗೆ ಪ್ರಚಾರ ಆಗುತ್ತದೆ’ ಅಂತಷ್ಟೇ ಬರೆದರೆ ಅದು ಅರ್ಧ ಉತ್ತರ. ಗ್ರಾಹಕರು ಏನು ನಿರೀಕ್ಷಿಸಿ ಬಂದಿದ್ದರು ಅನ್ನುವುದೂ ಮುಖ್ಯ. 1980ರಲ್ಲಿ ಮಾರ್ಕೆಟಿಂಗ್ ಸಂಶೋಧಕ ರಿಚರ್ಡ್ ಆಲಿವರ್ ವಿವರಿಸಿದ್ದು ಇದನ್ನೇ. ಸಿಕ್ಕಿದ್ದನ್ನು ನಾವು ನಿರೀಕ್ಷೆಯ ಜೊತೆ ಹೋಲಿಸುತ್ತೇವೆ. ಕಡಿಮೆಯಾದರೆ ಬೇಸರ, ಜಾಸ್ತಿಯಾದರೆ ಖುಷಿ. ಸರಿಸಮ ಆದರೆ ಸಮಾಧಾನ, ಆದರೆ ಹೋಗಿ ಇನ್ನೊಬ್ಬರಿಗೆ ಹೇಳುವಂಥದ್ದು ಏನೂ ಇರುವುದಿಲ್ಲ.

ಉಡುಪಿಯಲ್ಲೊಂದು ಮಿಕ್ಸಿ ರಿಪೇರಿ ಅಂಗಡಿ ಅಂದುಕೊಳ್ಳಿ. ಮೀನು ಸಾರಿಗೆ ಮಸಾಲೆ ಅರೆಯುವಾಗ ಕಪ್ಲರ್ (ಮೋಟರಿಗೂ ಜಾರಿಗೂ ಕೊಂಡಿಯಾಗುವ ಭಾಗ) ತುಂಡಾಗಿದೆ. ಹೊಸದು ಹಾಕಿಕೊಟ್ಟರೆ ಲೆಕ್ಕ ಚುಕ್ತಾ. ಆದರೆ ರಿಪೇರಿಯವರು ಜಾರಿನ ಅಡಿಯಲ್ಲಿ ಗಟ್ಟಿಯಾಗಿ ಹಿಡಿದಿದ್ದ ಮಸಾಲೆಯನ್ನೂ ಕೆರೆದು ತೆಗೆದರು. ಮುಚ್ಚಳದ ಸಡಿಲ ರಬ್ಬರ್ ರಿಂಗ್ ಬದಲಿಸಿದರು, ಅದಕ್ಕೆ ದುಡ್ಡು ಕೇಳಲಿಲ್ಲ. "ಅಕ್ಕಾ, ಕಾಯಿತುರಿಗೆ ಮೊದಲೇ ಸ್ವಲ್ಪ ನೀರು ಹಾಕಿ, ಲೋಡ್ ಕಡಿಮೆ ಆಗ್ತದೆ" ಎಂದರು. ಆ ಅಕ್ಕ ಪಕ್ಕದ ಮನೆಯಲ್ಲಿ ಹೇಳದೇ ಇರ್ತಾರಾ? ಹೇಳುವುದು ಕಪ್ಲರ್ ವಿಷಯ ಅಲ್ಲ, ರಬ್ಬರ್ ರಿಂಗ್ ವಿಷಯ.

ಹಾಗಂತ ಕಪ್ಲರ್ ಸರಿಯಾಗಿ ಕೂರದಿದ್ದರೆ ರಿಂಗ್ ಕೊಟ್ಟೂ ಪ್ರಯೋಜನವಿಲ್ಲ. ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಮಾಡಿದ ಸರಕು-ಸೇವೆಗಳ ಗುಣಗಳ ವಿಂಗಡಣೆ (ಕಾನೊ ಮಾದರಿ) ಇಲ್ಲಿ ಬೇಕು. ಇರಲೇಬೇಕಾದ ಗುಣಗಳು ಇದ್ದರೆ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದರೆ ಜಗಳ. ಇನ್ನು ಕೆಲವು ಜಾಸ್ತಿಯಾದಷ್ಟೂ ಸಂತೋಷ ಜಾಸ್ತಿ. ಮೂರನೆಯವು ಯಾರೂ ಕೇಳದೆ ಸಿಕ್ಕಿ ಬೆರಗು ಹುಟ್ಟಿಸುವಂಥವು. ಜನ ಹೇಳಿಕೊಂಡು ತಿರುಗುವುದು ಹೆಚ್ಚಾಗಿ ಈ ಮೂರನೆಯದನ್ನೇ.

ಕಾನೊ ಹೇಳಿದ ಇನ್ನೊಂದು ಮಾತನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ: ಬೆರಗು ಹಳೆಯದಾಗುತ್ತದೆ. ಇದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ (ಆಗ ಹೆಸರು ಬೇರೆ ಇತ್ತು; 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು) 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಮನೆ ಬಾಗಿಲಿಗೇ ಬಂದು 2 ಆಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಬ್ಯಾಂಕಿಗೆ ನಾವು ಹೋಗಬೇಕು ಅನ್ನುವ ಕಾಲದಲ್ಲಿ ಬ್ಯಾಂಕೇ ಮನೆಗೆ ಬಂತು! ಇವತ್ತು ಎಷ್ಟೋ ಸೊಸೈಟಿಗಳಲ್ಲಿ ಪಿಗ್ಮಿ ಇದೆ. ಸಂಜೆ ಏಜೆಂಟ್ ಬಂದರೆ ಅಂಗಡಿಯವರಿಗೆ ಆಶ್ಚರ್ಯವೇನೂ ಇಲ್ಲ. ಬಾರದಿದ್ದರೆ ಮಾತ್ರ "ಇವತ್ತು ಯಾಕೆ ಬರ್ಲಿಲ್ಲ ಮಾರಾಯ್ರೆ?" ಅಂತ ಫೋನ್ ಹೋಗುತ್ತದೆ. ಬೆರಗಿನ ಪಟ್ಟಿಯಲ್ಲಿದ್ದದ್ದು ಇರಲೇಬೇಕಾದ ಪಟ್ಟಿಗೆ ಬಂತು, ಅಲ್ವಾ?

ಹೆಚ್ಚುವರಿಯಾಗಿ ಕೊಡುವುದನ್ನು ಮೊದಲೇ ಜಾಹೀರಾತಿನಲ್ಲಿ ಹೇಳಬಾರದು ಅನ್ನುವುದೂ ಇದಕ್ಕೇ. ರಿಪೇರಿ ಅಂಗಡಿಯವರು ‘ರಬ್ಬರ್ ರಿಂಗ್ ಉಚಿತ’ ಅಂತ ಬೋರ್ಡ್ ಹಾಕಿದರೆ, ಮರುದಿನದಿಂದ ರಿಂಗ್ ಸಿಗದವರು ಮುಖ ಸಿಂಡರಿಸಿಕೊಂಡೇ ಹೋಗುತ್ತಾರೆ.

ಪರೀಕ್ಷೆಯಲ್ಲಿ ಕಾನೊ ಮಾದರಿ ಕೇಳಿದರೆ ಪಿಗ್ಮಿ ಉದಾಹರಣೆಯನ್ನೇ ಬರೆಯಿರಿ, 1928 ಅಂತ ಇಸವಿ ಸಮೇತ.