ಡ್ರೈವರ್ ಇಲ್ಲದ ಕಾರು ಬರುತ್ತಲ್ಲ, ಫುಟ್‌ಪಾತ್ ಯಾಕೆ?

ಪ್ರಶ್ನೆ: ತಾನೇ ಓಡುವ ಎಲೆಕ್ಟ್ರಿಕ್ ಕಾರುಗಳು ಬಂದರೆ ಹೊಗೆ, ಟ್ರಾಫಿಕ್ ಎರಡೂ ಕಮ್ಮಿಯಾಗುತ್ತೆ ಅಲ್ವಾ? ಮತ್ತೆ ಫುಟ್‌ಪಾತ್‌ಗೆ ಯಾಕೆ ದುಡ್ಡು ಸುರಿಯಬೇಕು?

ಉತ್ತರ: ಹೊಗೆ ಕಮ್ಮಿಯಾಗುತ್ತದೆ, ನಿಜ. ಆದರೆ ಅದು ಬ್ಯಾಟರಿಯ ಪುಣ್ಯ, ಡ್ರೈವರ್ ಇಲ್ಲದ್ದರಿಂದ ಅಲ್ಲ. ಟ್ರಾಫಿಕ್ ಮಾತ್ರ ಜಾಸ್ತಿಯೇ ಆಗಬಹುದು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಸಂಶೋಧಕರು ಒಂದು ಜಾಣ ಪ್ರಯೋಗ ಮಾಡಿದ್ದರು. ತಾನೇ ಓಡುವ ಕಾರು ಮನೆಗೆ ಬಂದರೆ ಜನ ಹೇಗೆ ಬಳಸುತ್ತಾರೆ ಅಂತ ನೋಡಬೇಕಿತ್ತು. ಕಾರು ಇನ್ನೂ ಬಂದಿರಲಿಲ್ಲ. ಅದಕ್ಕೆ 13 ಜನರಿಗೆ ಒಂದು ವಾರಕ್ಕೆ 60 ಗಂಟೆ ಬಿಟ್ಟಿ ಡ್ರೈವರ್ ಕೊಟ್ಟರು. ಎಲ್ಲಿಗೆ ಬೇಕಾದರೂ ಹೋಗಬಹುದು, ತಾವು ಕೂರದೆ ಕಾರನ್ನಷ್ಟೇ ಕಳಿಸಲೂಬಹುದು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು: ಕಾರು ಓಡಿದ ದೂರ ಶೇ 83ರಷ್ಟು ಏರಿತ್ತು! ಹದಿಮೂರು ಜನ ಅಂದರೆ ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೆ ಬಾಗಿಲಲ್ಲಿ ಬಿಟ್ಟಿ ಡ್ರೈವರ್ ನಿಂತಿದ್ದರೆ ನಾನಂತೂ ಮರೆತ ಕೊತ್ತಂಬರಿ ಸೊಪ್ಪಿಗೂ ಕಾರು ಕಳಿಸುತ್ತಿದ್ದೆ.

ಇನ್ನು ಜಾಗದ ಮಾತು. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘದ ಲೆಕ್ಕದಂತೆ, ಹತ್ತು ಅಡಿ ಅಗಲದ ಒಂದು ಲೇನಿನಲ್ಲಿ ಕಾರುಗಳು ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಬಲ್ಲವು. ಅಷ್ಟೇ ಅಗಲದ ಫುಟ್‌ಪಾತ್‌ನಲ್ಲಿ 9,000 ಜನ ನಡೆಯಬಹುದು. ಕಂಪ್ಯೂಟರ್ ಎಷ್ಟೇ ಚುರುಕಾಗಿ ಓಡಿಸಲಿ, ಕಾರಿನ ಉದ್ದ ಅಗಲ ಕಮ್ಮಿಯಾಗುವುದಿಲ್ಲವಲ್ಲ.

ಸ್ಪೇನಿನ ಪೊಂಟೆವೆದ್ರಾ ಬೇರೆ ದಾರಿ ಹಿಡಿಯಿತು. ಎಂಬತ್ತು ಸಾವಿರ ಚಿಲ್ಲರೆ ಜನರ ಊರು. 1999ರಲ್ಲಿ ಮೇಯರ್ ಆದ ಮಿಗೆಲ್ ಆಂಶೊ ಫೆರ್ನಾಂಡಿಸ್ ಲೋರೆಸ್ ವೃತ್ತಿಯಲ್ಲಿ ಡಾಕ್ಟರ್. ಅವರು ಹಳೇ ಪೇಟೆಯಿಂದ ಕಾರುಗಳನ್ನು ಹೊರಗಿಟ್ಟರು. ಸಾಮಾನು ಇಳಿಸುವ ಗಾಡಿ, ತುರ್ತು ವಾಹನಗಳಿಗೆ ಅಡ್ಡಿಯಿಲ್ಲ. ಉಳಿದವರು ಊರಂಚಲ್ಲಿ ಬಿಟ್ಟಿಯಾಗಿ ಪಾರ್ಕ್ ಮಾಡಿ ನಡೆದು ಬರುತ್ತಾರೆ. ನನಗೆ ಇಷ್ಟವಾದದ್ದು ಅವರ ನಕ್ಷೆ. ಹೆಸರು ಮೆಟ್ರೋಮಿನುಟೊ. ನೋಡಿದರೆ ಥೇಟ್ ಮೆಟ್ರೋ ನಕ್ಷೆ: ಬಣ್ಣಬಣ್ಣದ ಗೆರೆ, ನಿಲ್ದಾಣಗಳ ಥರ ಚುಕ್ಕೆಗಳು. ಆದರೆ ಊರಲ್ಲಿ ಮೆಟ್ರೋನೇ ಇಲ್ಲ! ಗೆರೆಗಳ ಮೇಲೆ ಬರೆದಿರುವುದು ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯಲು ಎಷ್ಟು ನಿಮಿಷ ಅಂತ.

ಹಾಗಂತ ಡ್ರೈವರ್ ಇಲ್ಲದ ಕಾರು ದಂಡ ಅಂತಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರ ಜೂನ್‌ನಿಂದ ವೇಮೊ ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿಯನ್ನು ಯಾರು ಬೇಕಾದರೂ ಕರೆಸಬಹುದು. ಕಣ್ಣು ಕಾಣದವರಿಗೆ, ಸ್ಟೀರಿಂಗ್ ಹಿಡಿಯಲಾಗದ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ.

ಆದರೆ ನಮ್ಮಮ್ಮನ ಕಥೆ ಕೇಳಿ. ಮನೆಯಿಂದ ತರಕಾರಿ ಅಂಗಡಿಗೆ ನಾನೂರು ಮೀಟರ್. ದಾರಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಕಾಲಿಟ್ಟರೆ ಅಲ್ಲಾಡುವ ಚಪ್ಪಡಿ, ಆಮೇಲೆ ಸಾಲಾಗಿ ನಿಂತ ಬೈಕುಗಳು. ಅಮ್ಮನ ಕಾಲು ಗಟ್ಟಿಯಾಗಿಯೇ ಇದೆ. ಆದರೂ ಅಷ್ಟು ದೂರಕ್ಕೆ ಆಟೋ ಹಿಡಿಯುತ್ತಾರೆ. ಆ ಆಟೋಗೆ ಡ್ರೈವರ್ ಇರಲಿ, ಬಿಡಲಿ, ರಸ್ತೆಗೆ ಒಂದು ಗಾಡಿ ಜಾಸ್ತಿಯಾಯಿತು. ಆ ಚಪ್ಪಡಿ ಸರಿ ಮಾಡಲು ಒಂದು ಮೂಟೆ ಸಿಮೆಂಟ್ ಸಾಕು.