ದುಡ್ಡು ಮುಗಿದಾಗ ಅರ್ಗಾದ ಕೆಲಸ ಯಾಕೆ ನಿಲ್ತದೆ?

ಕಾರವಾರದಿಂದ ಅಂಕೋಲಾ ಕಡೆ ಬಸ್ಸಲ್ಲಿ ಹೋಗೋರಿಗೆಲ್ಲ ಅರ್ಗಾ ಊರಿನ ಹತ್ರದ ಸೀಬರ್ಡ್ ನೌಕಾನೆಲೆ ಯೋಜನೆಯ ಕಂಪೌಂಡ್ ಗೋಡೆ ಗೊತ್ತು. ಆ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರಲ್ಲಿ, ಐಎನ್ಎಸ್ ಕದಂಬ ಅಂತ ನೌಕಾನೆಲೆ ಶುರುವಾಗಿದ್ದು 2005ರ ಮೇ 31ಕ್ಕೆ. ಇಷ್ಟು ತಡ ಆಗೋಕೆ ಒಂದು ದೊಡ್ಡ ಕಾರಣ 1991. ಆಗ ದೇಶದ ಹತ್ರ ಇದ್ದ ಡಾಲರು ಕೆಲವೇ ವಾರದ ಆಮದಿಗೆ ಸಾಕಾಗ್ತಿತ್ತು, ಚಿನ್ನ ಅಡ ಇಟ್ಟು ಸಾಲ ತರ್ಬೇಕಾಯ್ತು, ಅಂಥಾ ಹೊತ್ತಲ್ಲಿ ಅರ್ಗಾದ ಜೆಟ್ಟಿಗೆ ಯಾರು ದುಡ್ಡು ಕೊಡ್ತಾರೆ?

ರಕ್ಷಣಾ ಖರ್ಚಲ್ಲಿ ಸಂಬಳ, ಪಿಂಚಣಿ, ಡೀಸೆಲ್, ರೇಷನ್ ಇವೆಲ್ಲ ನಿಲ್ಸೋಕೆ ಬರೋದಿಲ್ಲ. ಹಂಗಾಗಿ ಕತ್ತರಿ ಮೊದ್ಲು ಬೀಳೋದು ಇನ್ನೂ ಕಟ್ಟದ ಜೆಟ್ಟಿ, ಇನ್ನೂ ಖರೀದಿ ಮಾಡದ ಹಡಗಿನ ಮೇಲೆ. ಸೀಬರ್ಡನ್ನೂ ಸಣ್ಣದು ಮಾಡಿ ಮೊದಲ ಹಂತಕ್ಕೆ ಮತ್ತೆ ಮಂಜೂರಿ ಕೊಟ್ಟಿದ್ದು 1995ರಲ್ಲಿ. ಕಾಗದದ ಮೇಲೆ ಇದು ಬರೀ "ವಿಳಂಬ", ಆದ್ರೆ ಭೂಸ್ವಾಧೀನದ ಪಟ್ಟಿಗೆ ಸೇರಿದ ಜಾಗದಲ್ಲಿ ಕೂತವರು ಹೊಸ ಮನೆ ಕಟ್ಟೋ ಹಾಗೂ ಇಲ್ಲ, ಬಿಟ್ಟು ಹೋಗೋ ಹಾಗೂ ಇಲ್ಲ. ಸೀಬರ್ಡ್ ನಿರಾಶ್ರಿತರು ಕಾದಿದ್ದನ್ನ ಯಾವ ಬಜೆಟ್ಟೂ ಲೆಕ್ಕ ಹಾಕ್ಲಿಲ್ಲ, ಅದು ನನಗೆ ಇವತ್ತಿಗೂ ತಪ್ಪು ಅಂತಲೇ ಅನಿಸ್ತದೆ.

ಆರ್ಥಿಕತೆ ಕುಸಿದಾಗೆಲ್ಲ ಖರ್ಚು ಇಳಿತದೆ ಅಂತನೂ ಇಲ್ಲ. 2020ರಲ್ಲಿ ಕೋವಿಡ್‌ನಿಂದ ಜಗತ್ತೇ ನಿಂತಿತ್ತು, ಆದ್ರೂ ದೇಶಗಳ ಮಿಲಿಟರಿ ಖರ್ಚು ಲೆಕ್ಕ ಇಡೋ ಸ್ವೀಡನ್ನಿನ ಸಿಪ್ರಿ ಸಂಸ್ಥೆ ಪ್ರಕಾರ ಜಗತ್ತಿನ ಮಿಲಿಟರಿ ಖರ್ಚು ಶೇ. 2.6 ಏರ್ತು. ಆ ವರ್ಷದ ಬಜೆಟ್ ಮೊದ್ಲೇ ಪಾಸಾಗಿರ್ತದೆ, ಗಡಿಯಲ್ಲಿ ಜಗಳ ಇದ್ರೆ ಕಡಿಮೆ ಮಾಡೋಕೆ ಯಾರಿಗೂ ಧೈರ್ಯ ಬರೋದಿಲ್ಲ. ಏಟು ಗೊತ್ತಾಗೋದು ಒಂದೆರಡು ವರ್ಷ ಬಿಟ್ಟು.

2008ರ ಕುಸಿತ ಆದ್ಮೇಲೆ ಬ್ರಿಟನ್ನಿಗೆ ಆಗಿದ್ದೂ ಹಂಗೇ. 2010ರಲ್ಲಿ ಆರ್ಕ್ ರಾಯಲ್ ವಿಮಾನವಾಹಕ ನೌಕೆ, ಹ್ಯಾರಿಯರ್ ವಿಮಾನ ಎರಡನ್ನೂ ಕೈಬಿಡೋ ತೀರ್ಮಾನ ಬಂತು, ಅದಾಗಿ ಎರಡೇ ವಾರಕ್ಕೆ ಫ್ರಾನ್ಸ್ ಜೊತೆ ಲ್ಯಾಂಕಾಸ್ಟರ್ ಹೌಸ್ ಒಪ್ಪಂದ. ಒಬ್ಬರಿಂದ ಆಗದ ಖರ್ಚನ್ನ ಇಬ್ಬರು ಹಂಚ್ಕೊಳ್ಳೋದು ಅಂತ. ಆದ್ರೆ ಹಂಗೆ ಹಂಚ್ಕೊಳ್ಳೋಕೆ ಬಡತನ ಒಂದೇ ಸಾಕಾಗೋದಿಲ್ಲ, ಬ್ರಿಟನ್ ಡಿಸೈನಲ್ಲೇ ತಾನೂ ಒಂದು ವಿಮಾನವಾಹಕ ಕಟ್ತೇನೆ ಅಂದಿದ್ದ ಫ್ರಾನ್ಸ್ 2013ರಲ್ಲಿ ಅದನ್ನ ಕೈಬಿಡ್ತು. ಕಷ್ಟ ಬಂದಾಗ ಎಲ್ಲರಿಗೂ ತಮ್ಮ ಹಡಗು ಕಟ್ಟೋ ಯಾರ್ಡಿನ ಕೆಲಸಗಾರರೇ ಮೊದ್ಲು.

ನಮ್ಮ ಕಾರವಾರಕ್ಕೆ ಬಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಅಂತೂ ಪೂರ್ತಿ ಇದೇ ಕಥೆ. ಸೋವಿಯತ್ ಒಡೆದ ಮೇಲೆ ರಷ್ಯಾಗೆ ಈ ಹಡಗನ್ನ (ಆಗ ಅದರ ಹೆಸರು ಗೋರ್ಶ್ಕೊವ್) ಸಾಕೋಕೆ ಆಗದೆ 1996ರಲ್ಲಿ ಸೇವೆಯಿಂದ ತೆಗೆದ್ರು. ನಮ್ಮ ಜೊತೆ ಆದ 2004ರ ಒಪ್ಪಂದದಲ್ಲಿ ಹಡಗು ಫ್ರೀ, ದುರಸ್ತಿಗೆ 97.4 ಕೋಟಿ ಡಾಲರ್. ಎಷ್ಟು ಕೇಬಲ್ ಬದಲಿಸ್ಬೇಕು ಅನ್ನೋ ಅಂದಾಜೇ ಯಾರ್ಡಿಗೆ ಸರಿ ಇರ್ಲಿಲ್ಲ. ಅರ್ಧ ಬಿಚ್ಚಿಟ್ಟ ಹಡಗು, ಕೊಟ್ಟ ದುಡ್ಡು ಎರಡನ್ನೂ ಬಿಟ್ಟು ಬರೋಕೆ ಆಗದೆ ನಾವು 2010ರಲ್ಲಿ 235 ಕೋಟಿ ಡಾಲರಿಗೆ ಒಪ್ಪಿದ್ವಿ.