ಸ್ಟೆಂಟ್ ಹಾಕಿಸ್ಕೊಂಡ ಮೇಲೂ ಮಾತ್ರೆ ಯಾಕೆ?

"ಸಾರ್, ಬ್ಲಾಕ್ ತೆಗ್ದಾಯ್ತಲ್ಲ, ಇನ್ನೂ ಯಾಕೆ ಈ ರಕ್ತ ತೆಳು ಮಾಡೋ ಮಾತ್ರೆ?" ಆಂಜಿಯೋಪ್ಲಾಸ್ಟಿ ಆದೋರು ಪದೇ ಪದೇ ಕೇಳ್ತಾರೆ, ಕೇಳಿದ್ರೆ ಒಳ್ಳೇದೇ, ಕೇಳದೇ ಬಿಟ್ಟುಬಿಡ್ತಾರಲ್ಲ ಅವರದ್ದೇ ನಂಗೆ ಭಯ.

ಬ್ಲಾಕನ್ನ ನಾವು ತೆಗ್ಯೋದೇ ಇಲ್ಲ. ಬಲೂನ್ ಊದಿ ಆ ಕೊಬ್ಬನ್ನ ರಕ್ತನಾಳದ ಗೋಡೆಗೆ ಒತ್ತಿ, ಮತ್ತೆ ಕುಸೀದೇ ಇರ್ಲಿ ಅಂತ ಲೋಹದ ಜಾಲರಿ ನಿಲ್ಲಿಸ್ತೀವಿ, ಅದೇ ಸ್ಟೆಂಟ್. 1977ರಲ್ಲಿ ಜ್ಯೂರಿಚ್‌ನಲ್ಲಿ ಗ್ರುಂಟ್ಸಿಗ್ ಅನ್ನೋ ಡಾಕ್ಟ್ರು ಇದನ್ನ ಮೊದಲ ಸಲ ಮಾಡಿದಾಗ ಬರೀ ಬಲೂನು, ಸ್ಟೆಂಟ್ ಬಂದಿದ್ದು 1986ರಲ್ಲಿ. ನಾಳ ತೆರ್ಕೊಂಡೇ ಇರುತ್ತೆ ಸರಿ, ಆದ್ರೆ ಬೋಳು ಲೋಹ ಸಿಕ್ಕಿದ್ರೆ ರಕ್ತ ಹೆಪ್ಪುಗಟ್ಟಿಸೋ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಹೋಗಿ ಅಂಟ್ಕೊಳ್ತವೆ, ಅಲ್ಲೇ ರಕ್ತ ಹೆಪ್ಪುಗಟ್ಟುತ್ತೆ. ನಾಳದ ಒಳಪದರ ನಿಧಾನಕ್ಕೆ ಬೆಳ್ದು ಜಾಲರಿನ ಮುಚ್ಚೋ ತನಕ ಈ ಅಪಾಯ ಜಾಸ್ತಿ, ಪ್ಲೇಟ್‌ಲೆಟ್ ಅಂಟ್ಕೊಳ್ಳೋದನ್ನ ತಡ್ಯೋಕೇ ಈ ಮಾತ್ರೆ. ಈಗಿನ ಸ್ಟೆಂಟ್‌ಗಳಿಗೆ ಔಷಧಿ ಲೇಪ ಇರುತ್ತೆ, ಅದು ಒಳಗೆ ಗಾಯದ ಅಂಗಾಂಶ ಅತಿಯಾಗಿ ಬೆಳ್ಯೋದನ್ನ ತಡ್ಯುತ್ತೆ, ಜೊತೆಗೆ ಈ ಒಳಪದರ ಬೆಳ್ಯೋದೂ ತಡ ಆಗುತ್ತೆ.

ಇನ್ನೊಂದು ಮಾತು, "ಇಷ್ಟು ತಿಂಗ್ಳು ತಗೊಂಡಿದೀನಲ್ಲ, ನಾಲ್ಕು ದಿನ ಬಿಟ್ರೆ ಏನಾಗುತ್ತೆ?" ಅಂತ. ನಾವು ಕೊಡೋದು ಎರಡು ಮಾತ್ರೆ, ಅದ್ರಲ್ಲೊಂದು ಆಸ್ಪಿರಿನ್. ಅದು ಒಂದು ಪ್ಲೇಟ್‌ಲೆಟ್‌ನ ಕಿಣ್ವ ಕೆಡಿಸಿದ್ರೆ ಆ ಪ್ಲೇಟ್‌ಲೆಟ್ ಸಾಯೋ ತನಕ ಹಾಗೇ, ಯಾಕಂದ್ರೆ ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ, ಹೊಸ ಕಿಣ್ವ ಮಾಡ್ಕೊಳ್ಳೋಕಾಗಲ್ಲ. ಆದ್ರೆ ಅದರ ಆಯಸ್ಸೇ 7ರಿಂದ 10 ದಿನ. ಅಸ್ಥಿಮಜ್ಜೆ ದಿನಾ ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು ಹೊಸದನ್ನ ಬಿಡ್ತಾನೇ ಇರುತ್ತೆ, ಆ ಹೊಸವು ನಿಮ್ಮ ಹಳೇ ಮಾತ್ರೆ ಕಂಡೇ ಇಲ್ಲ. ಐದು ದಿನ ಬಿಟ್ರೆ ಸುಮಾರು ಅರ್ಧದಷ್ಟು ಪ್ಲೇಟ್‌ಲೆಟ್‌ಗಳು ಪೂರ್ತಿ ಚುರುಕಾಗಿರ್ತವೆ. ದಿನಾ ತಗೊಳ್ಳಿ ಅನ್ನೋದು ಇದಕ್ಕೇ.

ನಮ್ಮ ಪೇಷಂಟ್ ಒಬ್ರು, ಅಡಿಕೆ ಬೆಳೆಗಾರರು, ತುಂಬ ಒಳ್ಳೇ ಮನುಷ್ಯ, ಹಲ್ಲು ಕೀಳಿಸ್ಬೇಕು ಅಂತ ಯಾರೋ ಹೇಳಿದ್ ಕೇಳಿ ಎರಡೂ ಮಾತ್ರೆ ನಿಲ್ಲಿಸಿದ್ರು. ವಾರದೊಳಗೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಕೊಂಡು ಬಂದ್ರು. ಉಳ್ಕೊಂಡ್ರು, ಆದ್ರೆ ಹಾರ್ಟ್ ಪಂಪಿಂಗ್ ಕಮ್ಮಿಯಾಗಿ ಈಗ ತೋಟದ ದಿಣ್ಣೆ ಹತ್ತೋಕಾಗಲ್ಲ. ಒಂದು ಫೋನ್ ಮಾಡಿದ್ರೆ ಸಾಕಿತ್ತು. ಸಾಮಾನ್ಯವಾಗಿ ಹಲ್ಲು ಕೀಳೋಕೆ ಈ ಮಾತ್ರೆ ನಿಲ್ಲಿಸೋ ಅಗತ್ಯ ಇರಲ್ಲ, ಡೆಂಟಿಸ್ಟ್ ಹತ್ತಿ ಒತ್ತಿಯೋ ಹೊಲಿಗೆ ಹಾಕಿಯೋ ರಕ್ತ ನಿಲ್ಲಿಸ್ತಾರೆ.

ಎಷ್ಟು ದಿನ ಅನ್ನೋದು ಎಲ್ರಿಗೂ ಒಂದೇ ಅಲ್ಲ. ಹಾರ್ಟ್ ಅಟ್ಯಾಕ್ ಆಗಿದ್ರೆ ಎರಡೂ ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ, ಇಲ್ದಿದ್ರೆ ಆರು ತಿಂಗ್ಳು, ರಕ್ತಸ್ರಾವದ ಭಯ ಇರೋರಿಗೆ ಇನ್ನೂ ಕಮ್ಮಿ. ಆಮೇಲೂ ಒಂದು ಮಾತ್ರೆ ಸಾಮಾನ್ಯವಾಗಿ ಮುಂದುವರಿಯುತ್ತೆ. ಇದನ್ನ ನಿಮ್ಮ ಕಾರ್ಡಿಯಾಲಜಿಸ್ಟೇ ಹೇಳ್ಬೇಕು, ಮೆಡಿಕಲ್ ಶಾಪಿನವ್ರಲ್ಲ, ಪಕ್ಕದ ಮನೆಯವ್ರೂ ಅಲ್ಲ. ಮಲ ಡಾಂಬರಿನ ಥರ ಕಪ್ಪಗೆ ಹೋದ್ರೆ ಹೊಟ್ಟೆಯೊಳಗೆ ರಕ್ತ ಸೋರ್ತಿರಬಹುದು, ಮನೇಲೇ ಸುಮ್ನೆ ಮಾತ್ರೆ ಬಿಟ್ಟು ಕೂತ್ಕೋಬೇಡಿ, ಅವತ್ತೇ ಆಸ್ಪತ್ರೆಗೆ ಬನ್ನಿ.